ಕಿಟಕಿಗೆ ಹಿಡಿದ ಹಾಳೆ

ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹನ್ನೊಂದು ದಿನ ತಡವಾಗಿ. ನಮ್ಮ ಕಾರಖಾನೆಯ ಫಿಟ್ಟರನೊಬ್ಬ ಮದುವೆಗೆಂದು ಗಡಹಿಂಗ್ಲಜಕ್ಕೆ ಹೋಗಿ ಬಂದವನು, ಮಧ್ಯಾಹ್ನ ಡಬ್ಬಿ ಬಿಚ್ಚುತ್ತ, ‘ಬಾಯಾರ, ನಿಮ್ಮ ಕಾಕಾ ಹೋಗ್ಯಾರಂತರಿ’ ಅಂದ. ಅಷ್ಟೇ ಅಂದು ಭಕ್ರಿ ಮುರಿದ. ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ಅರ್ಧ ಟೈಪ್ ಮಾಡಿದ್ದ ಸಾಲನ್ನು ಪೂರಾ ಮಾಡಿ ಆಮೇಲೆ ‘ಯಾವಾಗ?’ ಅಂತ ಕೇಳಿದೆ. ಅಳು ಬರಬೇಕಿತ್ತು, ಬರಲಿಲ್ಲ. ಒಂದೂವರೆ ವರ್ಷದಿಂದ ಒಂದು ಮಾತನ್ನು ಗಂಟಲಲ್ಲಿ ಇಟ್ಟುಕೊಂಡು ಕೂತವಳಿಗೆ ಮೊದಲು ಹೊಳೆದದ್ದು, ಇನ್ನು ಇದನ್ನು ಯಾರ ಮುಂದೆ ಹೇಳಲಿ ಅನ್ನೋದು. ನನ್ನ ಯೋಗ್ಯತೆ ಅಷ್ಟೇ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಒಂದು ತಪ್ಪು ಅಂಟಿಕೊಂಡಿದೆ. ಆ ತಪ್ಪು ಅವರದಲ್ಲ, ನನ್ನದು. ಇಷ್ಟು ಹೇಳಿಬಿಟ್ಟರೆ ಮುಂದಿನದು ಹೇಳಲು ನನಗೆ ಸ್ವಲ್ಪ ಹಗುರ.

ಇಚಲಕರಂಜಿಯಲ್ಲಿ ಪವರ್‌ಲೂಮಿನ ಬಿಡಿಭಾಗ ಮಾಡುವ ಕಾರಖಾನೆ ನಮ್ಮದು. ಕೆಳಗೆ ಲೇಥು, ಡ್ರಿಲ್ಲು, ಬೀಡುಕಬ್ಬಿಣದ ಧೂಳು. ಮೇಲೆ ಅಟ್ಟದಂಥ ಜಾಗದಲ್ಲಿ ಎರಡು ಓರೆ ಮೇಜು, ಒಂದು ದೊಡ್ಡ ಕಿಟಕಿ. ಅದೇ ಡ್ರಾಯಿಂಗ್ ಆಫೀಸು. ನಾವೆಲ್ಲ ಕಾಕಾ ಅಂತ ಕರೆಯುತ್ತಿದ್ದವರು ಅಲ್ಲಿಯ ಡ್ರಾಫ್ಟ್ಸ್‌ಮನ್. ಯಂತ್ರದ ಭಾಗ ಎಷ್ಟು ದಪ್ಪ, ಎಷ್ಟು ಉದ್ದ, ತೂತು ಎಲ್ಲಿ ಅಂತೆಲ್ಲ ಯೋಚಿಸಿ ಪೆನ್ಸಿಲಿನಲ್ಲಿ ಬರೆಯುವವರು ಅವರು. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಶಾಯಿಯಿಂದ ತಿದ್ದುವವಳು ನಾನು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೊಸ ಮದುಮಗಳು, ತವರಿನಲ್ಲಿ ಕಲಿತ ಚಿತ್ರಕಲೆಯ ಪರೀಕ್ಷೆಯ ಕಾಗದವೊಂದನ್ನು ಹಿಡಿದು ಬಂದಿದ್ದೆ. ಕಾಕಾ ಆ ಕಾಗದ ನೋಡಲಿಲ್ಲ. ಒಂದು ಹಾಳೆ ಕೊಟ್ಟು, ‘ಒಂದ ಗೆರಿ ಎಳಿ ತಂಗಿ’ ಅಂದರು. ಎಳೆದೆ. ‘ಇನ್ನೊಂದು.’ ಎಳೆದೆ. ‘ಎರಡೂ ಒಂದs ದಪ್ಪ ಅದಾವು. ನಾಳಿಂದ ಬಾ’ ಅಂದರು. ನನ್ನ ಇಂಟರ್‌ವ್ಯೂ ಮುಗಿಯಿತು.

ಕುಳ್ಳಗಿನ ಮನುಷ್ಯ. ಬಿಳಿ ಅಂಗಿ, ಬಿಳಿ ಪಾಯಜಾಮ, ಎದೆಯ ಕಿಸೆಯಲ್ಲಿ ಮೂರು ಪೆನ್ಸಿಲು, ಹಾಳೆ ಮಾಸದಿರಲೆಂದು ಬಲ ಮೊಳಕೈಗೆ ಹಳೆಯ ಕಾಲುಚೀಲದ ತುದಿ ಕತ್ತರಿಸಿ ಹಾಕಿಕೊಂಡ ತೋಳುಗಾಪು. ಜೈನರು, ಗಡಹಿಂಗ್ಲಜದ ಕಡೆ ಹೊಲಮನೆ ಇತ್ತು. ಇಚಲಕರಂಜಿಯಲ್ಲಿ ಬಾಡಿಗೆ ಖೋಲಿ ಹಿಡಿದು ಒಬ್ಬರೇ ಇರುತ್ತಿದ್ದರು. ಸುಟ್ಟಿಯ ದಿನ ಊರಿಗೆ ಹೋಗಿ ಬರುವರು. ಮಾತು ಕಮ್ಮಿ. ಯಾರಾದರೂ ಮೇಜಿನ ಹತ್ತಿರ ನಿಂತು ಹರಟಲು ಶುರು ಮಾಡಿದರೆ ಸ್ಕೇಲಿನ ತುದಿಯಿಂದ ಮೇಜಿನ ಮೇಲೆ ಎರಡು ಸಲ ಟಕ್ ಟಕ್ ಅನ್ನಿಸುವರು. ಇನ್ನು ಸಾಕು, ಬಾಯಿ ಮುಚ್ಚು ಅಂತ ಅದರ ಅರ್ಥ. ಮಾಲಕರಿಗೂ ಆ ಟಕ್ ಟಕ್ ತಪ್ಪಿದ್ದಲ್ಲ. ಮಾಲಕರು ನಗುತ್ತಿದ್ದರು. ಪ್ರತಿ ದೀಪಾವಳಿ ಪಾಡ್ಯಕ್ಕೆ ಪೂಜೆಗೆ ಮೇಲೆ ಬಂದಾಗ ಅವರದೊಂದು ಕಾಯಂ ಚೇಷ್ಟೆ ಇತ್ತು: ‘ಏ ಮಾರಾಯಾ, ಈ ವರ್ಷರ ಒಂದ ತಪ್ಪ ಮಾಡೋ. ನಿನ್ನ ಒಮ್ಮೆ ಬೈಬೇಕಂತ ಭಾಳ ಆಸೆ ಐತಿ ನನಗ.’ ಕಾಕಾ ಪೇಢೆ ಬಾಯಿಗೆ ಹಾಕಿಕೊಂಡು, ‘ನೋಡೂಣ್ರಿ’ ಅನ್ನುವರು. ಇಪ್ಪತ್ತಾರು ವರ್ಷ ಆ ಆಸೆ ಈಡೇರಲಿಲ್ಲ.

ತಪ್ಪು ಹೇಗೆ ಆಗಬೇಕು? ಅವರು ತಪಾಸು ಮಾಡುವ ಬಗೆ ಹಾಗಿತ್ತು. ನಮ್ಮ ಕೆಲಸದಲ್ಲಿ ಬದಲಾವಣೆ ಬಂದರೆ ಹೊಸ ಹಾಳೆ ತೆಗೆಯುತ್ತಿರಲಿಲ್ಲ. ಅರ್ಧ ಬ್ಲೇಡು ತೆಗೆದುಕೊಂಡು ಹಳೆಯ ಅಂಕಿಯನ್ನು ಮೆಲ್ಲಗೆ ಕೆರೆಯಬೇಕು, ಉಗುರಿನಿಂದ ಆ ಜಾಗ ನುಣ್ಣಗೆ ಉಜ್ಜಬೇಕು, ಹೊಸ ಅಂಕಿ ಬರೆದು ಅದರ ಕೆಳಗೆ ಒಂದು ಅಡ್ಡಗೆರೆ ಎಳೆಯಬೇಕು. ಗೆರೆ ಹಳೆಯದೇ ಇದೆ, ಅಂಕಿ ಹೊಸದು, ಅಂಕಿಯನ್ನು ನಂಬು ಅಂತ ಆ ಅಡ್ಡಗೆರೆ ಕೆಳಗಿನವರಿಗೆ ಹೇಳುತ್ತಿತ್ತು. ಎಲ್ಲ ಕಾರಖಾನೆಯಲ್ಲೂ ಇದೇ ಪದ್ಧತಿ. ಕಾಕಾ ಸಹಿ ಮಾಡುವ ಮೊದಲು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವರು. ಬ್ಲೇಡು ತಾಗಿದ ಜಾಗವೆಲ್ಲ ಬೆಳ್ಳಗೆ ಕಾಣುವುದು. ಎಲ್ಲಿ ಕೆರೆದಿದೆಯೋ ಅಲ್ಲಿಗೆ ಹೋಗಿ, ಯಾಕೆ ಕೆರೆದದ್ದು, ಗೆರೆಗೂ ಕೈ ಹಚ್ಚಬೇಕಿತ್ತೇ ಅಂತ ಒಂದೊಂದನ್ನೂ ಕೇಳುವರು. ನನ್ನ ಮನಸ್ಸನ್ನೇ ಕಿಟಕಿಗೆ ಹಿಡಿದ ಹಾಗೆ ಆಗುತ್ತಿತ್ತು.

ಒಂದೇ ಒಂದು ಭಾಗಕ್ಕೆ ಮಾತ್ರ ಈ ಪದ್ಧತಿ ನಡೆಯುತ್ತಿರಲಿಲ್ಲ. ಅದು ಟ್ಯಾಪೆಟ್. ಮಗ್ಗದ ಹೊಟ್ಟೆಯಲ್ಲಿ ತಿರುಗುವ, ಒಂದು ಕಡೆ ಉಬ್ಬಿದ ಬೀಡಿನ ಬಿಲ್ಲೆ. ಆ ಉಬ್ಬು ತಿರುಗಿ ಬಂದಾಗಲೆಲ್ಲ ನೂಲು ಒಯ್ಯುವ ಲಾಳಿಗೆ ಏಟು ಬೀಳುತ್ತದೆ. ಉಬ್ಬು ಕಮ್ಮಿಯಾದರೆ ಲಾಳಿ ಆಚೆ ದಡ ಮುಟ್ಟದೆ ನಡುವೆ ನಿಲ್ಲುತ್ತದೆ, ಹಾಸಿನ ನೂಲು ಹರಿಯುತ್ತದೆ. ಅಂಥ ಸೊಟ್ಟ ಆಕಾರವನ್ನು ಅಂಕಿಯಲ್ಲಿ ಹೇಳಿ ಪೂರೈಸುವುದಿಲ್ಲ. ಅದಕ್ಕೆ ಟ್ಯಾಪೆಟ್ಟನ್ನು ಇದ್ದಷ್ಟೇ ಅಳತೆಗೆ ಬರೆಯುತ್ತಿದ್ದರು. ಕೆಳಗೆ ಫಿಟ್ಟರು ಅದರ ಪ್ರತಿಯನ್ನು ತಗಡಿಗೆ ಅಂಟಿಸಿ, ಗೆರೆಯ ಗುಂಟ ಕತ್ತರಿಸಿ ಫರ್ಮಾ ಮಾಡುವನು. ಆ ಫರ್ಮಾ ಹಿಡಿದು ಮರದ ಅಚ್ಚು, ಅಚ್ಚು ಹಿಡಿದು ಎರಕ. ‘ಬ್ಯಾರೆ ಕಡೆ ಗೆರಿ ಸುಳ್ಳ ಹೇಳಿದ್ರ ನಡೀತೈತಿ ತಂಗಿ, ಅಂಕಿ ನೋಡ್ಕೋತಾರ. ಟ್ಯಾಪೆಟ್‌ನ್ಯಾಗ ಗೆರಿ ಸುಳ್ಳ ಹೇಳಬಾರ್ದು’ ಅಂತ ಸೇರಿದ ಮೊದಲ ತಿಂಗಳೇ ಹೇಳಿದ್ದರು. ನಾನು ತಲೆ ಆಡಿಸಿದ್ದೆ. ತಲೆ ಆಡಿಸುವುದಕ್ಕೇನು, ಕೋಲೆಬಸವನೂ ಆಡಿಸುತ್ತದೆ.

ಏಳೆಂಟು ವರ್ಷ ಕಳೆದ ಮೇಲೆ ಒಂದು ದಿನ ಕಾಕಾ, ‘ತಂಗಿ, ನಿನ್ನ ಅಕ್ಷರ ಭಾಳ ಚಂದ ಅದಾವು. ಇನ್ನ ಮ್ಯಾಲ ಅಂಕಿ ಅಕ್ಷರ ಎಲ್ಲಾ ನೀನs ಬರಿ. ನಾ ಬರೇ ಚೀಟಿಮ್ಯಾಗ ಗುರ್ತ ಹಾಕಿ ಕೊಡ್ತೇನಿ’ ಅಂದರು. ನನಗೋ ಆಕಾಶಕ್ಕೆ ಮೂರೇ ಗೇಣು. ಮನೆಯಲ್ಲಿ ಯಜಮಾನರಿಗೆ, ಅತ್ತೆಗೆ, ನೀರಿಗೆ ಬಂದ ಪಕ್ಕದ ಮನೆಯವರಿಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆರು ತಿಂಗಳು ಆ ಹೊಗಳಿಕೆಯ ಮೇಲೆ ಮೆರೆದೆ. ಆಮೇಲೆ ಚಹಾ ನೋಡಿದೆ.

ಚಹಾದ ಹೋಟೆಲಿನವನು ಹನ್ನೊಂದಕ್ಕೆ ಗ್ಲಾಸು ತಂದಿಡುವನು. ಎಲ್ಲರೂ ಕುಡಿಯುತ್ತಿದ್ದರೆ ಕಾಕಾ, ‘ಇಡು, ಆರಲಿ’ ಅನ್ನುವರು. ನಾವು ಕುಡಿದು ಗ್ಲಾಸು ಇಡಲು ಹೊರಗೆ ಹೋದಾಗ ಮಾತ್ರ ಕುಡಿಯುವರು. ಒಂದು ದಿನ ನಾನು ಮರೆತ ಪೆನ್ನಿಗಾಗಿ ತಟ್ಟನೆ ಒಳಗೆ ಬಂದೆ. ಕಾಕಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಮೊಳಕೈಗಳನ್ನು ಮೇಜಿಗೆ ಊರಿ, ಬಾಯಿಯನ್ನು ಗ್ಲಾಸಿನ ಹತ್ತಿರ ಒಯ್ದು ಕುಡಿಯುತ್ತಿದ್ದರು. ಆದರೂ ಚಹಾ ತುಳುಕುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ಗ್ಲಾಸು ಕೆಳಗಿಟ್ಟು, ಸ್ಕೇಲು ತೆಗೆದುಕೊಂಡು, ಟಕ್ ಟಕ್.

ನಾನು ಬಾಯಿ ಮುಚ್ಚಿದೆ. ಸುಮಾರು ಎಂಟು ವರ್ಷ ಮುಚ್ಚಿಕೊಂಡೇ ಇದ್ದೆ. ಅವರ ಪೆನ್ಸಿಲಿನ ಗೆರೆಗಳು ವರ್ಷದಿಂದ ವರ್ಷಕ್ಕೆ ಒಂದಿದ್ದದ್ದು ಎರಡಾಗಿ, ಮುಳ್ಳು ಮುಳ್ಳಾಗಿ ನನ್ನ ಹಾಳೆಯ ಕೆಳಗೆ ಬರುತ್ತಿದ್ದವು. ನಾನು ಮೇಲೆ ಶಾಯಿಯಲ್ಲಿ ಅವನ್ನು ನೆಟ್ಟಗೆ ಮಾಡುತ್ತಿದ್ದೆ. ಪೆನ್ಸಿಲಿನ ಮೂಲ ಹಾಳೆಯನ್ನು ಕಾಕಾ ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡು ಹೋಗಿಬಿಡುವರು. ಕೆಳಗೆ ಇಳಿಯುತ್ತಿದ್ದದ್ದು ನನ್ನ ಹಾಳೆಯೇ. ನಮ್ಮಿಬ್ಬರ ನಡುವೆ ಈ ಬಗ್ಗೆ ಒಂದು ಮಾತೂ ಆಗಿರಲಿಲ್ಲ. ಕೈ ನಡುಗುವ ಡ್ರಾಫ್ಟ್ಸ್‌ಮನ್ ಅಂದರೆ ತೊದಲುವ ಕೀರ್ತನಕಾರ ಇದ್ದ ಹಾಗೆ, ಯಾರು ಇಟ್ಟುಕೊಳ್ಳುತ್ತಾರೆ?

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಾಲಕರ ಅಳಿಯ ಪುಣೆಯಿಂದ ಬಂದು, ಅಲ್ಲಿಯವರೆಲ್ಲ ಯಂತ್ರದ ಭಾಗ ಕಂಪ್ಯೂಟರಿನಲ್ಲೇ ಬರೆಯುತ್ತಾರೆ, ನಾವಿನ್ನೂ ಬ್ಲೇಡು ಹಿಡಿದು ಕೂತಿದ್ದೇವೆ ಅಂತ ಮಾವನ ತಲೆ ತುಂಬಿದ. ಪೆಟ್ಟಿಗೆ ಬಂತು. ಅಟ್ಟದ ಒಂದು ಮೂಲೆಗೆ ಪ್ಲೈವುಡ್ ಬಡಿದು ಖೋಲಿ ಮಾಡಿದರು. ಪರದೆಗೆ ಕುಂಕುಮ, ಹೊಸ್ತಿಲಿಗೆ ತೆಂಗಿನಕಾಯಿ, ಚಪ್ಪಲಿ ಹೊರಗೆ. ಮಗ್ಗದ ಶೆಡ್ಡಿನಲ್ಲಿ ಹತ್ತಿಯ ಧೂಳು ಕುಡಿದು ಎದೆ ಕೆಡಿಸಿಕೊಂಡು ನನ್ನ ಯಜಮಾನರು ಮನೆ ಹಿಡಿದು ಆಗಲೇ ಮೂರು ವರ್ಷ. ಕಂಪ್ಯೂಟರು ತಾನೇ ಶಾಯಿ ಹಚ್ಚಿದ ಹಾಳೆ ಕೊಡುವಾಗ ನನ್ನಂಥ ಟ್ರೇಸರ್ ಯಾಕೆ ಬೇಕು? ಮಾಲಕರು ಕಾಕಾನಿಗೆ, ‘ನೀ ಕೊಲ್ಹಾಪುರಕ್ಕ ಹೋಗಿ ಕಲಕೊಂಡ ಬಾ’ ಅಂದರು. ನನ್ನ ಸುದ್ದಿ ಎತ್ತಲಿಲ್ಲ.

ಕಾಕಾ, ‘ಇಬ್ಬರೂ ಹೋಗ್ತೇವ್ರಿ’ ಅಂದರು.

‘ಹೆಣಮಗಳಿಗ್ಯಾಕೋ? ನೀ ಕಲ್ತ್ರ ಸಾಕಲ್ಲ.’

‘ನನಗ ವಯಸ್ಸಾಗೇತ್ರಿ. ಅರ್ಧಾ ನಾ ಮರೀತೇನಿ, ಅರ್ಧಾ ಆಕಿ ಮರೀತಾಳ. ಕೂಡಿಸಿದ್ರ ಒಂದ ಆಗತೈತಿ. ಆಕಿ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ.’

ಹೀಗೆ ವಾರಕ್ಕೆ ಮೂರು ದಿನ ಮಧ್ಯಾಹ್ನದ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ. ಕ್ಲಾಸು ಸಂಜೆ ಆರಕ್ಕೆ. ಕಾಕಾ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಅದಕ್ಕೆ ಐದೂವರೆಗೇ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಎರಡೂ ಕೈಯಿಂದ ಡಬ್ಬಿಯ ಚಪಾತಿ ಮುರಿದು ಊಟ ಮುಗಿಸುವರು. ನಾನು ಪಕ್ಕದಲ್ಲಿ ಕೂತು ಬಸ್ಸುಗಳ ಹಲಗೆ ಓದುತ್ತ, ಮನೆಯ ಒಲೆ ಯಾರು ಹೊತ್ತಿಸುತ್ತಾರೆ ಅಂತ ಯೋಚಿಸುತ್ತಿದ್ದೆ. ಸುಸ್ತು ಅಂದರೆ ಏನು ಅಂತ ಆ ಬೆಂಚಿನ ಮೇಲೆ ಕಲಿತೆ. ಕಂಪ್ಯೂಟರು ಆಮೇಲೆ ಕಲಿತದ್ದು.

ಕಲಿಸುವವನು ಚುರುಕಾದ ತರುಣ, ಮರಾಠಿ ಮಾತಾಡುವವನು. ಮೌಸು ಹಿಡಿದು ಗೆರೆ ಎಳೆಯುವುದನ್ನು ತೋರಿಸಿದ. ಕಾಕಾ ಹಿಡಿದರು. ಪರದೆಯ ಮೇಲಿನ ಅಡ್ಡಗೆರೆ ಉದ್ದಗೆರೆ ಕೂಡುವ ಗುರುತು ಗಡಗಡ ನಡುಗಿತು. ಗ್ಲಾಸಿನಲ್ಲಿ ಮುಚ್ಚಿಟ್ಟದ್ದು, ಪೆನ್ಸಿಲಿನಲ್ಲಿ ಮುಚ್ಚಿಟ್ಟದ್ದು, ಎಲ್ಲರೂ ನೋಡುವಷ್ಟು ದೊಡ್ಡದಾಗಿ ಪರದೆಯ ಮೇಲೆ ಕುಣಿಯತೊಡಗಿತು. ಆ ಹುಡುಗ ಬಗ್ಗಿ ನೋಡಿ, ‘ಕಾಕಾ, ಮಾಊಸ್ ಬಿಘಡಲಾಯ್ ವಾಟತಂ’ ಅಂದ. ಮೌಸು ಕೆಟ್ಟಿದೆ ಅಂತ ಅವನ ಎಣಿಕೆ. ಬೇರೆ ತಂದು ಹಚ್ಚಿದ. ಅದೂ ನಡುಗಿತು. ‘ಹಾಹೀ ಖರಾಬ್!’ ಅಂತ ಬೈದುಕೊಂಡು ಮೂರನೆಯದು ತರಲು ಹೋದ. ಕಾಕಾನ ಮುಖ ಬೆವರಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ಒಬ್ಬ ಮನುಷ್ಯನ ಮಾನ ಉಳಿಸಲು ಆ ದಿನ ಮೂರು ಮೌಸು ಕೆಟ್ಟವು.

ಮುಂದಿನ ಸಲ ಹೋದಾಗ ಕಾಕಾ ಮೌಸಿನ ಬದಲು ಬೇರೆ ದಾರಿ ಉಂಟೇ ಅಂತ ಕೇಳಿದರು. ಉಂಟು, ಗೆರೆ ಎಲ್ಲಿಂದ ಎಲ್ಲಿಗೆ ಅಂತ ಎರಡು ಬಿಂದುಗಳ ಅಂಕಿ ಟೈಪ್ ಮಾಡಿದರೂ ಆಗುತ್ತದೆ, ಆದರೆ ಅದು ಭಾಳ ತಡ ಅಂದ ಆ ಹುಡುಗ. ಕಾಕಾ ಒಂದು ಬೆರಳಿನಿಂದ, ಒಂದೊಂದು ಗುಂಡಿಯ ಮೇಲೂ ಬೆರಳನ್ನು ಊರಿ ನಿಲ್ಲಿಸಿ ನಿಲ್ಲಿಸಿ, ಎಂಟು ಅಂಕಿ ಒತ್ತಿದರು. ಪರದೆಯ ಮೇಲೆ ಒಂದು ಗೆರೆ ಮೂಡಿತು. ಕೂದಲು ಸೀಳಿದಷ್ಟು ನೆಟ್ಟಗೆ. ಅವರು ಅದನ್ನು ಎಷ್ಟೋ ಹೊತ್ತು ನೋಡಿದರು. ಎಂಟು ವರ್ಷದ ನಂತರ ಅವರದೇ ಅಂತ ಒಂದು ನೆಟ್ಟಗಿನ ಗೆರೆ.

ವಾಪಸು ಬರುವ ಬಸ್ಸಿನಲ್ಲಿ ಮೊದಲ ಸಲ ಆ ವಿಷಯ ತಾವಾಗಿ ಎತ್ತಿದರು: ‘ತಂಗಿ, ಆ ಮಶೀನ ಮೂಲಿ ಎಲ್ಲೈತಿ ಅಂತ ಅಷ್ಟs ಕೇಳತೈತಿ. ಕೈ ಹೆಂಗೈತಿ ಅಂತ ಕೇಳೂದಿಲ್ಲ.’ ನಾನು ‘ಹೌದ್ರಿ’ ಅಂದೆ. ನನ್ನ ಕೈ ಚಂದ ಅಂತಲೂ ಅದು ಕೇಳುವುದಿಲ್ಲವಲ್ಲ ಅಂತ ಒಳಗೊಳಗೇ ಕುದಿದೆ. ಹೇಳಲಿಲ್ಲ.

ಕ್ಲಾಸಿನ ಆ ಖೋಲಿಯಲ್ಲಿ ಹಾಳೆಯ ಮೇಲೆ ಪೆನ್ನು ಹಿಡಿದು ತಾನೇ ಬರೆಯುವ ಪ್ಲಾಟರ್ ಯಂತ್ರವಿತ್ತು. ನಮ್ಮ ಕಾರಖಾನೆಯಲ್ಲಿ ಅದಿರಲಿಲ್ಲ, ಮುಂದೆಯೂ ಫ್ಲಾಪಿ ಒಯ್ದು ಅಲ್ಲಿಯೇ ಬರೆಸಿ ತರುತ್ತಿದ್ದೆವು. ಮೊದಲ ಸಲ ಅದು ಓಡಿದಾಗ ಕಾಕಾ ಕುರ್ಚಿಯಿಂದೆದ್ದು ಹತ್ತಿರ ಹೋಗಿ, ಜಾತ್ರೆಯಲ್ಲಿ ಗೊಂಬೆ ನೋಡುವವರಂತೆ ನಿಂತರು. ‘ನೋಡವಾ ಅದರ ಕೈ’ ಅಂದರು ಮೆಲ್ಲಗೆ. ಹೊಟ್ಟೆಕಿಚ್ಚಿನಿಂದ ಅಂದದ್ದಲ್ಲ, ಪ್ರೀತಿಯಿಂದ ಅಂದರು. ಅದಕ್ಕೇ ನನಗೆ ಕೇಳಲಾಗಲಿಲ್ಲ.

ಕಲಿತರು. ಕಂಪ್ಯೂಟರಿಗೆ ಕೊಡುವ ಇಂಗ್ಲಿಷಿನ ಹುಕುಮುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಒಂದು ವಹಿಯಲ್ಲಿ ನನ್ನಿಂದ ಬರೆಸಿ ಕಲಿತರು. ಭಾಗವೊಂದನ್ನು ಬರೆಯುವ ಮೊದಲು ಅದರ ಎಲ್ಲ ಮೂಲೆಗಳ ಪಟ್ಟಿಯನ್ನು ಬಾಯಲ್ಲಿ ಹೇಳುವರು, ನಾನು ಚೌಕುಳಿ ಹಾಳೆಯಲ್ಲಿ ಬರೆದುಕೊಳ್ಳುವೆನು, ಆಮೇಲೆ ಅವರು ಕೂತು ಒಂದೊಂದೇ ಒತ್ತುವರು. ನಾನು ಮೌಸಿನಿಂದ ಹತ್ತು ನಿಮಿಷದಲ್ಲಿ ಮಾಡಿದ್ದು ಅವರಿಗೆ ಒಂದು ತಾಸು. ಆದರೆ ಅವರದರಲ್ಲಿ ಒಂದು ಮೂಲೆ ಬಿಟ್ಟುಹೋದದ್ದು ನಾನು ಕಾಣೆ. ನಿವೃತ್ತಿಗೆ ಇನ್ನೂ ಮೂರು ವರ್ಷ ಇತ್ತು. ‘ಇನ್ನ ಮೂರ ವರ್ಷ ಆರಾಮ ಹೋಗತಾವು’ ಅಂತ ಒಂದೆರಡು ಸಲ ಅಂದದ್ದುಂಟು. ಅವರ ಬಾಯಿಂದ ಆರಾಮ ಅನ್ನುವ ಶಬ್ದ ಅದಕ್ಕೂ ಮೊದಲು ಕೇಳಿರಲಿಲ್ಲ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ.

ಗಿರಾಕಿಯೊಬ್ಬರು ಟ್ಯಾಪೆಟ್ಟಿನ ಉಬ್ಬು ಸ್ವಲ್ಪ ಹೆಚ್ಚಿಸಿ ಬೇಕು ಅಂದಿದ್ದರು, ಅವರ ಮಗ್ಗ ಅಗಲವಾದದ್ದು. ಕಾಕಾ ಹೊಸ ಆಕಾರದ ನಲವತ್ತು ಬಿಂದುಗಳನ್ನು ಹೇಳಿ ನನ್ನಿಂದ ಪಟ್ಟಿ ಬರೆಸಿ, ‘ಇದನ್ನ ಹಾಕಿ, ಪ್ಲಾಟ್ ಮಾಡಿಸ್ಕೊಂಡ ಬಾ’ ಅಂತ ಕೊಟ್ಟರು. ಹಿಂದಿನ ಎರಡು ದಿನ ಯಜಮಾನರ ದಮ್ಮು ಏರಿ ದವಾಖಾನೆ, ಮನೆ ಅಂತ ಓಡಾಡಿದ್ದೆ. ಬಸ್ಸಿಗೆ ಮುಕ್ಕಾಲು ತಾಸು ಇತ್ತು. ನಲವತ್ತು ಬಿಂದು ಒತ್ತುವ ತ್ರಾಣ ನನ್ನಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ, ತ್ರಾಣದ ಮಾತು ಅರ್ಧ, ಅಭ್ಯಾಸದ ಮಾತು ಅರ್ಧ. ಹದಿನೈದು ವರ್ಷ ಬ್ಲೇಡಿನಿಂದ ಮಾಡಿದ್ದನ್ನೇ ಮಾಡಿದೆ. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಹಳೆಯ ಟ್ಯಾಪೆಟ್ಟಿನ ಗೆರೆಯನ್ನು ಹಾಗೇ ಬಿಟ್ಟು, ಅಂಕಿಯನ್ನು ಮಾತ್ರ ಅಳಿಸಿ ಹೊಸ ಅಂಕಿ ಟೈಪ್ ಮಾಡಿದೆ. ಅದರ ಕೆಳಗಿನ ಅಡ್ಡಗೆರೆಯನ್ನೂ ಹಾಕಲಿಲ್ಲ, ಪರದೆಯ ಮೇಲೆ ಅಂಕಿ ಎಷ್ಟು ಸ್ವಚ್ಛ ಕಾಣುತ್ತಿತ್ತು ಅಂದರೆ ನೆನಪೇ ಆಗಲಿಲ್ಲ. ಟ್ಯಾಪೆಟ್ ಅನ್ನುವುದೂ ನೆನಪಾಗಲಿಲ್ಲವೇ ಅಂತ ಕೇಳಿದರೆ, ಆಗಿತ್ತು. ನಾಳೆ ಬಂದು ಸರಿ ಮಾಡಿದರಾಯಿತು ಅಂದುಕೊಂಡೆ. ನಾಳೆ ಬಂದಾಗ ಮರೆತೆ.

ಪ್ಲಾಟರಿನ ಹಾಳೆ ತಂದುಕೊಟ್ಟೆ. ಕಾಕಾ ಅಂಕಿ ನೋಡಿದರು, ಸರಿ ಇತ್ತು. ಆಮೇಲೆ ಎಂದಿನಂತೆ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದರು. ಹಾಳೆ ಅವರ ಕೈಯಲ್ಲಿ ಪಟಪಟ ಅನ್ನುತ್ತಿತ್ತು. ಎಲ್ಲೂ ಬೆಳ್ಳಗಿನ ಕಲೆ ಇಲ್ಲ. ಬ್ಲೇಡೇ ತಾಗದ ಹಾಳೆಯಲ್ಲಿ ಏನು ಕಾಣಬೇಕು? ‘ಛಲೋ ಆಗೇತಿ’ ಅಂತ ಸಹಿ ಮಾಡಿದರು.

ಫರ್ಮಾ ಆಯಿತು, ಅಚ್ಚಾಯಿತು, ಎರಕವೂ ಆಯಿತು. ತಿಂಗಳೊಪ್ಪತ್ತಿನಲ್ಲಿ ಟೆಂಪೋ ತುಂಬ ಟ್ಯಾಪೆಟ್ಟುಗಳು ವಾಪಸು ಬಂದವು. ಒಂದು ಶೆಡ್ಡಿನ ಮಗ್ಗಗಳಲ್ಲೆಲ್ಲ ಲಾಳಿ ನಡುವೆ ಸಿಕ್ಕಿ ಹಾಸು ಹರಿದಿತ್ತಂತೆ. ಗಿರಾಕಿ ಕೆಳಗೆ ನಿಂತು ಕೂಗಾಡುವುದು ಅಟ್ಟಕ್ಕೆ ಕೇಳುತ್ತಿತ್ತು. ಕಾಕಾ ಹಾಳೆ ತೆಗೆದು ಸ್ಕೇಲು ಇಟ್ಟು ನೋಡಿದರು. ನನ್ನತ್ತ ನೋಡಿದರು. ಅಷ್ಟರಲ್ಲಿ ಮಾಲಕರ ಕರೆ ಬಂತು, ಇಬ್ಬರಿಗೂ.

ಮಾಲಕರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ‘ಇದ ನಿನ್ನ ಕೆಲಸ ಅಲ್ಲೋ, ನನಗ ಗೊತ್ತೈತಿ’ ಅಂತ ಕಾಕಾನಿಗೆ ಹೇಳಿ, ನನ್ನ ಕಡೆ ತಿರುಗಿ, ‘ಬಾಯಿ, ನಾಳಿಂದ ಬರಬ್ಯಾಡ್ರಿ’ ಅಂದರು. ಅಷ್ಟು ಸಣ್ಣ ದನಿಯಲ್ಲಿ.

‘ನಂದs ತಪ್ಪರಿ’ ಅಂದರು ಕಾಕಾ. ‘ಟ್ಯಾಪೆಟ್ ನಾನs ಹಾಕೇನಿ. ಬಿಂದು ತಪ್ಪಿ ಒತ್ತೇನಿ.’

‘ಸುಳ್ಳ ಹೇಳಬ್ಯಾಡ. ಇಪ್ಪತ್ತಾರು ವರ್ಷದಾಗ ನೀ ತಪ್ಪಿಲ್ಲ.’

‘ಒಂದ ಹಾಳಿ ಕೊಡ್ರಿ.’

ಮಾಲಕರು ತಿಳಿಯದೆ ಮೇಜಿನ ಮೇಲಿನ ಹಾಳೆ ಸರಿಸಿದರು. ಕಾಕಾ ಎದೆಯ ಕಿಸೆಯಿಂದ ಪೆನ್ಸಿಲು ತೆಗೆದು, ಸ್ಕೇಲಿಲ್ಲದೆ, ಮೊಳಕೈ ಊರದೆ, ಎಡದಿಂದ ಬಲಕ್ಕೆ ಒಂದು ಗೆರೆ ಎಳೆದರು. ಎಳೆಯುತ್ತಲೇ ಹೋದರು. ಗರಗಸದ ಹಲ್ಲಿನಂಥ ಗೆರೆ. ಹಾಳೆ ಮುಗಿಯುವವರೆಗೆ ಎಳೆದು ಮಾಲಕರ ಮುಂದೆ ತಿರುಗಿಸಿಟ್ಟರು. ‘ಇದ ನನ್ನ ಕೈರಿ. ಎಂಟ ವರ್ಷ ಆತು ಹಿಂಗs. ಈಕಿ ಮುಚ್ಕೊಂಡ ಬಂದಾಳ. ಕಂಪ್ಯೂಟರದಾಗರ ಉಳೀತೇನಿ ಅಂದ್ಕೊಂಡಿದ್ದೆ, ಉಳೀಲಿಲ್ಲ.’

ನಾನು ಬಾಯಿ ತೆರೆದೆ. ದೇವರಾಣೆ, ತೆರೆದೆ. ಕಾಕಾ ನನ್ನತ್ತ ನೋಡದೆ ಪೆನ್ಸಿಲಿನ ಹಿಂದಿನ ತುದಿಯಿಂದ ಮಾಲಕರ ಮೇಜಿನ ಮೇಲೆ ಟಕ್ ಟಕ್ ಅನ್ನಿಸಿದರು. ಮುಚ್ಚಿದೆ. ಅವರ ಮಾತಿಗೆ ಮುಚ್ಚಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಖರೆ ಅಂದರೆ, ನಾಳೆಯಿಂದ ಬರಬೇಡ ಅಂದಾಗ ಕಣ್ಣ ಮುಂದೆ ಬಂದ ಮನೆಯ ಒಲೆ ನನ್ನ ಬಾಯಿ ಮುಚ್ಚಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಎಮ್ಮೆ ತಾನಾಗಿ ಬೆನ್ನು ಕೊಟ್ಟಿತು, ಎತ್ತು ಸುಮ್ಮನೆ ನೋಡುತ್ತ ನಿಂತಿತು.

ಮಾಲಕರು ನನ್ನನ್ನು ಕೆಲಸಕ್ಕೆ ವಾಪಸು ಕಳಿಸಿದರು. ಕಾಕಾ ಆ ತಿಂಗಳೇ ಕೆಲಸ ಬಿಟ್ಟು ಊರಿಗೆ ಹೋದರು. ಹೋಗುವ ದಿನ ತೋಳುಗಾಪು ತೆಗೆದು ಮೇಜಿನ ಮೊಳೆಗೆ ಸಿಕ್ಕಿಸಿ, ‘ಮುಂದಿನ ಸರ್ತಿ ಗೆರಿನೂ ಬದಲ ಮಾಡವಾ’ ಅಂದರು. ಅವರ ಕುರ್ಚಿ ನನಗೆ ಬಂತು. ಕಾರಖಾನೆಯಲ್ಲಿ, ಕಾಕಾನ ಕೈ ಕೆಟ್ಟಿತ್ತಂತೆ, ಕಂಪ್ಯೂಟರಿನಲ್ಲಿ ದೊಡ್ಡ ತಪ್ಪು ಮಾಡಿದರಂತೆ ಅನ್ನುವ ಮಾತು ಉಳಿಯಿತು. ಹೊಸಬರು ಕೂಡ ಅದನ್ನೇ ಹೇಳುತ್ತಿದ್ದರು. ನಾನು ಕೇಳುತ್ತ ಟೈಪ್ ಮಾಡುತ್ತಿದ್ದೆ. ಒಮ್ಮೆ ಅವರನ್ನು ಕಾಣಲೆಂದು ಹೊರಟು, ಅರ್ಧ ದಾರಿಯ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಇಳಿದು, ಒಂದು ಚಹಾ ಕುಡಿದು, ಎದುರಿನ ಬಸ್ಸಿಗೆ ವಾಪಸು ಬಂದಿದ್ದೆ.

ಈಗ ಅವರು ಇಲ್ಲ ಅಂದ ಮೇಲೆ ನಿಪ್ಪಾಣಿಯಲ್ಲಿ ಇಳಿಯದೆ ಹೋದೆ. ಕಾಕಾನ ಹೆಂಡತಿ, ಕಾಕೂ, ಪಡಸಾಲೆಯಲ್ಲಿ ಮೊರ ಹಿಡಿದು ಶೇಂಗಾ ಆರಿಸುತ್ತ ಕೂತಿದ್ದರು. ಯಾರು ಅಂತ ಹೇಳಿದೆ. ‘ಓ, ಅಕ್ಷರ ಚಂದ ಇದ್ದಾಕಿ’ ಅಂದರು. ಅಷ್ಟಕ್ಕೇ ನನಗೆ ಅಳು ಒತ್ತರಿಸಿ ಬಂತು. ಕಡೆಗಡೆಗೆ ಕಾಕಾ ಗ್ಲಾಸು ಹಿಡಿಯಲಾರದೆ ಕಾಕೂನೇ ಚಹಾ ಕುಡಿಸುತ್ತಿದ್ದರಂತೆ. ಅದನ್ನೆಲ್ಲ ಕೇಳಿದ ಮೇಲೆ ಹೇಳಿದೆ, ತಲೆ ಎತ್ತದೆ: ‘ಕಾಕೂ, ಆ ತಪ್ಪ ಅವರದಲ್ಲರಿ. ನಂದು.’

ಕಾಕೂ ಶೇಂಗಾ ಆರಿಸುವುದನ್ನು ನಿಲ್ಲಿಸಲಿಲ್ಲ. ‘ಅವರದಲ್ಲ ಅಂತ ಅವತ್ತs ಗೊತ್ತಿತ್ತು. ಅವರ ಕೈ ನಡಗತಿತ್ತು, ಲೆಕ್ಕ ನಡಗತಿದ್ದಿಲ್ಲ. ಯಾರದಂತ ಕೇಳಿದೆ, ಹೇಳಲಿಲ್ಲ. ನಿಂದೇನು?’

‘ಹೌದ್ರಿ.’

‘ನೌಕರಿ ಐತಿ ಇನ್ನೂ?’

‘ಐತ್ರಿ.’

ಮೊರ ಒಮ್ಮೆ ಕೇರಿ, ಸಿಪ್ಪೆ ಹಾರಿಸಿ, ಕಾಕೂ ನನ್ನ ಮುಖ ನೋಡಿದರು. ‘ಮತ್ತ ನನಗ್ಯಾಕ ಹೇಳಾಕ ಬಂದಿ? ನನಗ ಗೊತ್ತಿದ್ದದ್ದs ಅದ. ಗೊತ್ತಿಲ್ಲದಾರಿಗೆ ಹೇಳು.’ ಸಿಟ್ಟಿನಿಂದ ಅನ್ನಲಿಲ್ಲ. ಒಳಗೆ ಹೋಗಿ ಚಹಾ ತಂದುಕೊಟ್ಟರು, ಕುಡಿದು ಬಂದೆ.

ಮರುದಿನ ಕಪಾಟಿನಿಂದ ಆ ಹಾಳೆ ತೆಗೆದೆ. ಮೂಲೆಯಲ್ಲಿ ಕಾಕಾನ ನಡುಗುವ ಸಹಿ ಇತ್ತು. ಅದನ್ನು ಹಿಡಿದು ಮಾಲಕರ ಖೋಲಿಗೆ ಹೋಗಿ, ಮೇಜಿನ ಮೇಲೆ ಬಿಡಿಸಿಟ್ಟು, ಅಂಕಿ ಯಾವುದು, ಗೆರೆ ಯಾವುದು, ನಾನು ಏನು ಮಾಡಿದೆ, ಯಾಕೆ ಮಾಡಿದೆ ಎಲ್ಲ ಹೇಳಿದೆ. ಯಜಮಾನರ ದಮ್ಮಿನ ಮಾತು ಎತ್ತಲಿಲ್ಲ. ನಾಳೆಯಿಂದ ಬರಬೇಡ ಅಂದರೆ ಅನ್ನಲಿ ಅಂತ ಗಟ್ಟಿ ಮಾಡಿಕೊಂಡೇ ಹೋಗಿದ್ದೆ.

ಮಾಲಕರು ಚಷ್ಮಾ ತೆಗೆದರು. ಅವರಿಗೂ ವಯಸ್ಸಾಗಿದೆ. ‘ಇಪ್ಪತ್ತಾರು ವರ್ಷ ಅವನ ಒಂದ ತಪ್ಪ ಹುಡುಕಿದೆ ಬಾಯಿ’ ಅಂದರು. ‘ಸಿಕ್ಕಿತು ಅಂದ್ಕೊಂಡಿದ್ದೆ.’ ಆಮೇಲೆ ಹಾಳೆಯನ್ನು ಮಡಚಿ ತಮ್ಮ ಕಡೆ ಎಳೆದುಕೊಂಡು, ಹೋಗ್ರಿ ಅಂತ ಕೈ ಮಾಡಿದರು. ಕೆಲಸಕ್ಕೆ ಹೋಗು ಅಂದರೋ ಮನೆಗೆ ಹೋಗು ಅಂದರೋ ತಿಳಿಯಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಅಟ್ಟ ಹತ್ತಿ ಕಾಕಾನ ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಬ್ರಾಕೆಟ್ಟಿನ ಚಿತ್ರವೊಂದು ಪರದೆಯ ಮೇಲೆ ಹಾಗೇ ಇತ್ತು. ಮೌಸು ಹಿಡಿದೆ, ಗುರುತು ಒಂದು ಕಡೆ ನಿಲ್ಲಲೊಲ್ಲದು. ಕೈ ನೋಡಿಕೊಂಡೆ. ಮೌಸನ್ನು ಬದಿಗೆ ಸರಿಸಿ, ಮೂಲೆಗಳ ಪಟ್ಟಿ ಬರೆದುಕೊಂಡು, ಒಂದು ಬೆರಳಿನಿಂದ ಒಂದೊಂದೇ ಬಿಂದು ಒತ್ತತೊಡಗಿದೆ.